ಐದು ಕಿಲೋದ ಕಲ್ಲು, ಅಮೆರಿಕದ ತಗಡು

ಮೊದಲ ದಿನ: ಶಿರಸಿಯಿಂದ ಅಂಕೋಲೆ ದಾಟಿ ಕಾರವಾರ

ಭಾವನವರ ಪೆಟ್ಟಿಗೆ ಬಿಚ್ಚಿದರೆ ಮೇಲೆ ಚಾಕಲೇಟು, ಕೆಳಗೆಲ್ಲ ಗಾಳದ ಸಾಮಾನು. ಅಕ್ಕ ಹಣೆ ಚಚ್ಚಿಕೊಂಡಳು. "ನನ್ನ ಒಂದು ಸೀರೆ ಕಟ್ಟಿಗೆ ಜಾಗ ಇಲ್ಲ ಅಂದ್ರು ಕಣೋ. ನೋಡು ಇಲ್ಲಿ, ತಗಡು ಹೊತ್ಕೊಂಡು ಬಂದಿದಾರೆ."

ಅದು ನಿಜಕ್ಕೂ ತಗಡೇ. ಹಿಡಿಕೆ ಮುರಿದ ಚಮಚದ ಹಾಗೆ ಬಾಗಿದ ತೆಳು ಲೋಹ. ಒಂದು ಬದಿ ಬೆಳ್ಳಿ, ಇನ್ನೊಂದು ಬದಿಗೆ ಹಸಿರೋ ಕಿತ್ತಳೆಯೋ ಬಣ್ಣ. ಬಾಲಕ್ಕೆ ಮೂರು ಮುಳ್ಳಿನ ಗಾಳ. ಹೆಸರೂ ಸ್ಪೂನ್ ಅಂತಲೇ. ನೀರಿನಲ್ಲಿ ಎಳೆದರೆ ಗಾಯಗೊಂಡ ಮರಿಮೀನಿನ ಹಾಗೆ ಒದ್ದಾಡುತ್ತದೆ. ದೊಡ್ಡ ಮೀನು ಬಂದು ಬಾಯಿ ಹಾಕುತ್ತದೆ. ಹೀಗೆ ದೋಣಿಯ ಹಿಂದೆ ದಾರ ಬಿಟ್ಟು ಎಳೆಯುತ್ತಾ ಹೋಗುವುದಕ್ಕೆ ಟ್ರೋಲಿಂಗ್ ಅನ್ನುತ್ತಾರೆ. ನಮ್ಮ ಬಂದರಿನ ಟ್ರಾಲ್ ಬೋಟು ಬೇರೆ. ಅದು ತಳದಲ್ಲಿ ಬಲೆ ಎಳೆಯುವುದು. ಹದಿಮೂರು ವರ್ಷದ ನನ್ನ ಅಳಿಯನಿಗೆ ಮೂರನೆಯ ಅರ್ಥವೊಂದೇ ಗೊತ್ತು. "ಮಾಮ, ಟ್ರೋಲ್ ಅಂದ್ರೆ ಮೀಮ್ ಹಾಕಿ ಕಾಲೆಳೆಯೋದಲ್ವಾ?" ಅಂದ. ನಾಲ್ಕು ದಿನದಲ್ಲಿ ಅವನ ಅರ್ಥವೇ ಜಾಸ್ತಿ ಬಳಕೆಗೆ ಬಂತು ಅನ್ನುವುದು ಬೇರೆ ಮಾತು.

ಭಾವ ಇರುವುದು ಮಿಶಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ. ಬೇಸಿಗೆ ಬಂತೆಂದರೆ ಶನಿವಾರ, ಭಾನುವಾರ ಮಿಶಿಗನ್ ಸರೋವರದ ಮೇಲೆ ಸಾಲ್ಮನ್, ಟ್ರೌಟ್ ಹಿಡಿಯುವ ಹುಚ್ಚು. ಸರೋವರ ಅಂದ ಕೂಡಲೇ ಶಿರಸಿಯಲ್ಲಿರುವ ನನ್ನ ಕಣ್ಣಿಗೆ ಬರುವುದು ಕೋಟೆಕೆರೆ. ಭಾವ ನಕ್ಕರು. ಅದರ ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರ್. ನಮ್ಮ ಇಡೀ ಉತ್ತರ ಕನ್ನಡ ಜಿಲ್ಲೆ ಹತ್ತು ಸಾವಿರ ಚಿಲ್ಲರೆ. ಐದು ಜಿಲ್ಲೆ ಮುಳುಗಿಸಿದರೂ ಇನ್ನೂ ಜಾಗ ಉಳಿಯುತ್ತದೆ. ಅತಿ ಆಳದಲ್ಲಿ 281 ಮೀಟರ್. ಆಚೆ ದಡ ಕಾಣುವುದಿಲ್ಲ, ಅಲೆ ಏಳುತ್ತದೆ, ಹಡಗು ಓಡಾಡುತ್ತದೆ. ಉಪ್ಪಿಲ್ಲ, ಅಷ್ಟೇ.

ಈ ಸಲ ಅದೇ ಸಾಮಾನಿನಲ್ಲಿ ಕಾರವಾರದಲ್ಲಿ ಇಸ್ವಾಣ, ಅಂದರೆ ಅಂಜಲ್ ಮೀನು, ಹಿಡಿಯಬೇಕು ಅಂತ ಅವರ ಹಟ. ಡಿಸೆಂಬರ್ ಕೊನೆ, ನನ್ನ ಶಾಲೆಗೆ ನಾಲ್ಕು ದಿನ ರಜೆ ಹಾಕಿದೆ. ಅಕ್ಕ ಬರಲಿಲ್ಲ.

ದೇವಿಮನೆ ಘಟ್ಟದ ತಿರುವುಗಳಲ್ಲಿ ಅಳಿಯ ಮಲಗಿದ. ಭಾವ ಮಾತ್ರ ಬಿಡದೆ ಪಾಠ ಮಾಡಿದರು. ಒಂದು ವಿಷಯ ನನಗೆ ಆಶ್ಚರ್ಯವಾಯಿತು. ಆ ಸರೋವರದ ಸಾಲ್ಮನ್ ಅಲ್ಲಿಯದಲ್ಲ. ಮೊದಲು ಅಲ್ಲಿದ್ದದ್ದು ಲೇಕ್ ಟ್ರೌಟ್. ಕಡಲಿನಿಂದ ಕಾಲುವೆ ದಾರಿಯಲ್ಲಿ ಒಳಗೆ ಬಂದ ಲ್ಯಾಂಪ್ರಿ ಎಂಬ ರಕ್ತ ಹೀರುವ ಹಾವುಮೀನಿನಂಥ ಜೀವಿ ಟ್ರೌಟನ್ನು ಮುಗಿಸಿಬಿಟ್ಟಿತು. ತಿನ್ನುವ ದೊಡ್ಡ ಮೀನು ಇಲ್ಲದೆ ಆಲ್‌ವೈಫ್ ಎಂಬ ತಾರ್ಲೆ ಜಾತಿಯ ಚಿಕ್ಕ ಮೀನು ಮಿತಿಮೀರಿ ಬೆಳೆಯಿತು. 1967ರ ಬೇಸಿಗೆಯಲ್ಲಿ ಅವು ಸತ್ತು ದಡದುದ್ದಕ್ಕೂ ರಾಶಿ ಬಿದ್ದು ನಾರಿದವಂತೆ. ಅದಕ್ಕೆ ಸ್ವಲ್ಪ ಮೊದಲು, 1966ರಲ್ಲಿ, ಮಿಶಿಗನ್‌ನ ಮೀನುಗಾರಿಕೆ ಮುಖ್ಯಸ್ಥ ಹೋವರ್ಡ್ ಟ್ಯಾನರ್ ಶಾಂತ ಸಾಗರದ ಕಡೆಯ ಕೋಹೋ ಸಾಲ್ಮನ್ ಮೊಟ್ಟೆ ತರಿಸಿ, ಮರಿ ಮಾಡಿಸಿ ಬಿಡಿಸಿದ್ದರು. ಮರುವರ್ಷ ಚಿನೂಕ್ ಸಾಲ್ಮನ್. ಅವಕ್ಕೆ ಊಟ ರಾಶಿ ಬಿದ್ದಿತ್ತು, ತಿಂದು ಕೊಬ್ಬಿದವು. ಕಡಲ ಮೀನು ಸಿಹಿನೀರಲ್ಲಿ ಸಂಸಾರ ಹೂಡಿತು.

"ನಿಮ್ಮ ಹಾಗೇ ಅನ್ನಿ" ಅಂದೆ. ಭಾವ ಅಂಕೋಲೆಯವರು.

ಈಗ ಕಲ್ಲಿನ ಕಥೆ. ಸಾಲ್ಮನ್‌ಗೆ ತಂಪು ಬೇಕು. ಚಿನೂಕ್ ಹತ್ತರಿಂದ ಹದಿಮೂರು ಡಿಗ್ರಿ ಇರುವ ನೀರು ಹುಡುಕಿಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಸರೋವರದ ಮೇಲಿನ ನೀರು ಬೆಚ್ಚಗಾಗಿ ಒಂದು ಪದರವಾಗುತ್ತದೆ, ತಣ್ಣೀರು ಅದರ ಕೆಳಗೆ. ಮೀನು ನಿಲ್ಲುವುದು ಎರಡೂ ಸೇರುವ ಜಾಗದ ಆಸುಪಾಸು, ಇಪ್ಪತ್ತು ಮೂವತ್ತು ಮೀಟರ್ ಆಳದಲ್ಲಿ. ಅಷ್ಟು ಕೆಳಗೆ ಹಗುರ ತಗಡು ಹೇಗೆ ಇಳಿಯಬೇಕು? ಅದಕ್ಕೆ ಡೌನ್‌ರಿಗ್ಗರ್ ಅಂತ ಒಂದು ರಾಟೆ. ಉಕ್ಕಿನ ತಂತಿಯ ತುದಿಗೆ ನಾಲ್ಕೈದು ಕಿಲೋ ಸೀಸದ ಗುಂಡು. ಗಾಳದ ದಾರವನ್ನು ಬಟ್ಟೆ ಕ್ಲಿಪ್ಪಿನಂಥದ್ದರಲ್ಲಿ ಗುಂಡಿಗೆ ಸಿಕ್ಕಿಸಿ ಇಳಿಸುತ್ತಾರೆ. ಮೀನು ಎಳೆದರೆ ಕ್ಲಿಪ್ ಬಿಟ್ಟುಕೊಳ್ಳುತ್ತದೆ. ಆಮೇಲೆ ನೀವು, ಮೀನು, ನಡುವೆ ಬರೀ ದಾರ.

ರಾಟೆ ಬಂದಿತ್ತು. ಗುಂಡು ಬಂದಿರಲಿಲ್ಲ. ವಿಮಾನದಲ್ಲಿ ಸೀಸದ ಗುಂಡು ತಂದರೆ ಅಕ್ಕ ಅಲ್ಲೇ ಡೈವೋರ್ಸ್ ಕೊಡುತ್ತಿದ್ದಳು.

ಅಂಕೋಲೆಯಲ್ಲಿ ನಮ್ಮ ಮನೆ. ಎದುರಿನ ಕೋಣೆಯೇ ಅಪ್ಪನ ಕಿರಾಣಿ ಅಂಗಡಿ. ಬಾಗಿಲು ಹಾಕಿ ವರ್ಷಗಳಾದವು, ತಕ್ಕಡಿ ಮಾತ್ರ ತೊಲೆಗೆ ನೇತಾಡುತ್ತಿದೆ. ಅದರ ಕೆಳಗೆ ಕಲ್ಲುಗಳ ಸಾಲು. ಭಾವನ ಕಣ್ಣು ಐದು ಕಿಲೋದ್ದರ ಮೇಲೆ ಬಿತ್ತು. ಆರು ಮೂಲೆಯ ಕಬ್ಬಿಣದ ಕಲ್ಲು. ಅಡಿಯ ತೂತಿಗೆ ಸೀಸ ತುಂಬಿ, ಸೀಸದ ಮೇಲೆ ತೂಕ ಮತ್ತು ಅಳತೆ ಇಲಾಖೆಯ ಮುದ್ರೆ ಒತ್ತಿದ್ದು. ಅಪ್ಪ ಪ್ರತಿ ಸಲ ಮುದ್ರೆ ಹಾಕಿಸಿ ತಂದ ದಿನ ಅದನ್ನು ತೆಂಗಿನೆಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದದ್ದು ನೆನಪಾಯಿತು.

"ತಗಂಡು ಹೋಗಿ, ತಿರುಗಿ ತಂದು ಅಲ್ಲೇ ಇಡಿ" ಅಂದಳು ಅಮ್ಮ. ನನ್ನ ಮುಖ ನೋಡಿಯೇ ಅಂದಳು.

ಈರುಳ್ಳಿಯ ಬಲೆಚೀಲದಲ್ಲಿ ಕಲ್ಲು ಹಾಕಿ ಕಟ್ಟಿದೆವು. ಸಂಜೆ ಕಾರವಾರ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು.

ಎರಡನೇ ದಿನ: ಬಾಲ್ದಿ ಕಟ್ಟಿದ ದೋಣಿ

ಬೆಳಗಿನ ಐದು ಗಂಟೆ. ಬೈತಖೋಲ ಬಂದರಿನಲ್ಲಿ ಐಸ್ ಪುಡಿ ಮಾಡುವ ಸದ್ದು, ಡೀಸೆಲ್ ವಾಸನೆ, ಕೊಂಕಣಿ ಬೈಗುಳ. ನಮಗೆ ದೋಣಿ ಕೊಟ್ಟವರು ಅರವತ್ತರ ಆಸುಪಾಸಿನ ತಾಂಡೇಲರು. ಅವರ ತಮ್ಮನ ಮಗ ನನ್ನ ಹಳೆಯ ವಿದ್ಯಾರ್ಥಿ. ಹಾಗಾಗಿ ನಾನು ಅವರಿಗೆ ಮಾಸ್ತರು, ಅವರು ನನಗೆ ದಾದಾ. ಭಾವನನ್ನು ಅವರು ಮೊದಲ ಹತ್ತು ನಿಮಿಷ ಸಾಹೇಬ್ರೆ ಅಂದರು. ಆಮೇಲೆ ಮೂರೂ ದಿನ "ಅಮೆರಿಕ ಭಾವ".

ಫೈಬರ್ ದೋಣಿ, ಹಿಂದೆ ಔಟ್‌ಬೋರ್ಡ್ ಇಂಜಿನ್. ಹತ್ತುವ ಮೊದಲೇ ಲೈಫ್ ಜಾಕೆಟ್ ಕೊಟ್ಟರು. ಅಳಿಯ ಸೆಕೆ ಅಂದ. ದಾದಾ ಕೂರ್ಮಗಡ ದ್ವೀಪದ ಕಡೆ ಕೈ ತೋರಿಸಿ, 2019ರ ಜನವರಿಯಲ್ಲಿ ಅಲ್ಲಿನ ನರಸಿಂಹ ದೇವರ ಜಾತ್ರೆ ಮುಗಿಸಿ ಬರುವಾಗ ದೋಣಿ ಮಗುಚಿದ್ದನ್ನು ಹೇಳಿದರು. ಹುಡುಗ ಮಾತಾಡದೆ ಬೆಲ್ಟ್ ಬಿಗಿದ.

ಮೂಡಗಾಳಿ ತಣ್ಣಗೆ ಬೆನ್ನಿಗೆ ಬೀಸುತ್ತಿತ್ತು. ಚಳಿಗಾಲದ ಬೆಳಿಗ್ಗೆ ದಡದಿಂದ ಕಡಲಿಗೆ ಗಾಳಿ, ಹಾಗಾಗಿ ನೀರು ಹಾಸಿದ ಚಾಪೆ. ಮಧ್ಯಾಹ್ನ ದಾಟಿದರೆ ವಾಯವ್ಯದ ಗಾಳಿ ತಿರುಗಿ ಏಳುತ್ತದೆ. ಅಷ್ಟರೊಳಗೆ ಮರಳಬೇಕು. ಎಡಕ್ಕೆ ದೂರದಲ್ಲಿ ಅಂಜುದೀವು. ಅತ್ತ ನೌಕಾನೆಲೆ, ಹತ್ತಿರ ಸುಳಿಯುವಂತಿಲ್ಲ. ನಮ್ಮ ದಾರಿ ದೇವಗಡ ದ್ವೀಪದ ದೀಪಸ್ತಂಭದ ಕಡೆಗೆ.

ಭಾವ ಕೆಲಸಕ್ಕೆ ಇಳಿದರು. ಅಂಚಿಗೆ ಪಿವಿಸಿ ಪೈಪಿನ ತುಂಡು ಕಟ್ಟಿ ರಾಡ್ ನಿಲ್ಲಿಸಿದರು. ರಾಟೆಯನ್ನು ಹಲಗೆಗೆ ಬಿಗಿದರು. ಒಂದು ತಗಡಿಗೆ ಟಾರ್ಚ್ ಹಿಡಿದು ಬೆಳಕು ಕುಡಿಸಿದರು. ಅದು ಮಿಣುಕುಹುಳದ ಹಾಗೆ ಹಸಿರಾಗಿ ಹೊಳೆಯಿತು. ಬೆಳಕು ಹರಿಯುವ ಮುಂಚೆ ಸಾಲ್ಮನ್‌ಗೆ ಇದನ್ನೇ ಬಿಡುವುದಂತೆ. ಆಮೇಲೆ ದಾದಾನನ್ನು ಕೇಳಿದರು: "ಇಲ್ಲಿ ಮೇಲೆ ನೀರು ಎಷ್ಟು ಡಿಗ್ರಿ, ಕೆಳಗೆ ಎಷ್ಟು?"

ದಾದಾ ಕೈ ಅದ್ದಿ ನೋಡಿದರು. "ಎಲ್ಲಾ ಒಂದೇ. ಸ್ನಾನಕ್ಕೆ ಅಡ್ಡಿಲ್ಲ."

ಅದೇ ಸರಿ. ನಮ್ಮ ಈ ಕಡಲು ಡಿಸೆಂಬರಿನಲ್ಲೂ ಇಪ್ಪತ್ತೇಳು ಇಪ್ಪತ್ತೆಂಟು ಡಿಗ್ರಿ. ಸಾಲ್ಮನ್ ಇಲ್ಲಿ ಬಿಟ್ಟರೆ ಬೇಯುವುದೊಂದು ಬಾಕಿ. ದ್ವೀಪಗಳ ಸುತ್ತ ಆಳವೂ ಹೆಚ್ಚಿಲ್ಲ. ತಂಪು ಹುಡುಕಿಕೊಂಡು ಇಳಿಯುವ ಮಾತೇ ಇಲ್ಲ. ಇಸ್ವಾಣ ಹುಡುಕುವುದು ಊಟ. ತಾರ್ಲೆ, ಬಾಂಗಡೆ ಎಲ್ಲಿ ಗುಂಪು ಕಟ್ಟಿದೆಯೋ ಅಲ್ಲಿ ಅದು. ದಾದಾ ನೀರು ನೋಡುತ್ತಿರಲಿಲ್ಲ, ಆಕಾಶ ನೋಡುತ್ತಿದ್ದರು. ಹಕ್ಕಿ ಎಲ್ಲಿ ಮುಳುಗೇಳುತ್ತದೆ ಅಂತ.

ಜಗಳ ಹತ್ತಿದ್ದು ವೇಗದ ಮೇಲೆ. ಭಾವನ ಮೊಬೈಲಿನಲ್ಲಿ ಜಿಪಿಎಸ್. ಸರೋವರದಲ್ಲಿ ತಗಡು ಸರಿಯಾಗಿ ಕುಣಿಯುವುದು ಗಂಟೆಗೆ ನಾಲ್ಕು ಕಿಲೋಮೀಟರ್ ಆಚೀಚೆ. ಜನ ಸಂಜೆ ವಾಕಿಂಗ್ ಹೋಗುವ ವೇಗ. ಇಂಜಿನ್ ಎಷ್ಟು ಇಳಿಸಿದರೂ ಆರರ ಕೆಳಗೆ ಬರಲಿಲ್ಲ. ಇನ್ನೂ ಇಳಿಸಿದರೆ ಕೆಮ್ಮಿ ಆರಿಹೋಗುತ್ತಿತ್ತು. ಆಗ ಭಾವ ನೀರು ಎತ್ತುವ ಬಾಲ್ದಿಗೆ ಹಗ್ಗ ಕಟ್ಟಿ ಹಿಂದೆ ಬಿಟ್ಟರು. ಅಲ್ಲಿ ಇದಕ್ಕೆಂದೇ ಬಟ್ಟೆಯ ಚೀಲ ಸಿಗುತ್ತದಂತೆ, ದೋಣಿಯನ್ನು ಹಿಂದಕ್ಕೆ ಜಗ್ಗುವುದಕ್ಕೆ. ಬಾಲ್ದಿ ಕೆಲಸ ಮಾಡಿತು. ಮೊಬೈಲಿನಲ್ಲಿ 4.1.

ದಾದಾ ಸ್ವಲ್ಪ ಹೊತ್ತು ಬಾಲ್ದಿಯನ್ನೇ ನೋಡಿದರು. "ಮಾಸ್ತರೇ, ಇಂಜಿನ್ ಇರೋದು ಹೋಗೋಕೆ. ಇವ್ರು ಹಿಂದಿಂದ ಹಿಡ್ಕಂತಾರಲ್ಲ."

"ಮೀನು ಆರಾಮಾಗಿ ಬಂದು ಕಚ್ಚಬೇಕಲ್ವಾ ದಾದಾ" ಅಂದರು ಭಾವ.

"ಸತ್ತ ಮೀನು ಕಟ್ಟಿದ್ರೆ ನಿಧಾನ ಸಾಕು. ತಗಡಿಗೆ ಓಡ್ಬೇಕು. ನಿಂತ್ರೆ ಅದು ತಗಡು ಅಂತ ಅದಕ್ಕೆ ಗೊತ್ತಾಗ್ತದೆ."

ಭಾವ ತಲೆಯಾಡಿಸಿದರು, ಬಾಲ್ದಿ ತೆಗೆಯಲಿಲ್ಲ. ಎರಡು ತಾಸು ನಾವು ಮೆರವಣಿಗೆ ಹೋದೆವು. ಒಂದು ಪ್ಲಾಸ್ಟಿಕ್ ಚೀಲ ಬಂತು. ಹರಿದ ಬಲೆಯ ತುಂಡು ಬಂತು. ಅಳಿಯ ಪ್ರತಿ ಸಲ "ಫಿಶ್ ಆನ್!" ಅಂತ ಕೂಗಿ ಆಮೇಲೆ ತಾನೇ ನಗುತ್ತಿದ್ದ.

ಎಂಟೂವರೆಗೆ ದೇವಗಡದ ಬಂಡೆಗಳ ಹತ್ತಿರ ತಿರುಗಿದೆವು. ಎಡಕ್ಕೆ ತಿರುಗುವಾಗ ಬಲಬದಿಯ ರಾಡ್ ಒಮ್ಮೆಲೆ ಬಗ್ಗಿತು. ರೀಲು ಕಿರ್ರೆಂದಿತು, ಎಣಿಸಿದರೆ ಮೂರು ಸೆಕೆಂಡು. ಸುಮ್ಮನಾಯಿತು. ಸುತ್ತಿ ಎಳೆದರೆ ದಾರದ ತುದಿ ಬ್ಲೇಡಿನಲ್ಲಿ ಕೊಯ್ದಷ್ಟು ನುಣ್ಣಗೆ. ತಗಡು ಹೋಯಿತು. ಸಾಲ್ಮನ್ ಹೀಗೆ ಮಾಡುವುದಿಲ್ಲವಂತೆ. ಅಲ್ಲಿ ಕಣ್ಣಿಗೆ ಕಾಣದ ತೆಳು ದಾರ ಸಾಕು. ದಾದಾ ತಮ್ಮ ಸಿಹಿತಿಂಡಿ ಡಬ್ಬಿ ತೆರೆದು ಒಂದು ಗೇಣು ಉಕ್ಕಿನ ತಂತಿ ಕೊಟ್ಟರು. ಏನೂ ಹೇಳಲಿಲ್ಲ. ಹೇಳಿದ್ದರೆ ವಾಸಿಯಿತ್ತು.

ಈ ಗಲಾಟೆಯಲ್ಲಿ ರಾಟೆಯನ್ನು ನಾವು ಮರೆತಿದ್ದೆವು. ಕಲ್ಲು ಕೆಳಗೇ ಇತ್ತು. ದೋಣಿ ಗಕ್ಕನೆ ನಿಂತು ಹಿಂಭಾಗ ವಾಲಿತು. ಬಲೆಚೀಲ ಬಂಡೆಯ ಸಂದಿಗೆ ಸಿಕ್ಕಿಕೊಂಡಿದೆ. ಭಾವ ಆ ಕಡೆ ಎಳೆದರು, ಈ ಕಡೆ ಎಳೆದರು. ದಾದಾ ದೋಣಿಯನ್ನು ಹಿಂದಕ್ಕೆ ತಂದು ಮೇಲಿನಿಂದ ಎಳೆದು ನೋಡಿದರು. ಎರಡನೇ ಸಲ ಎಳೆದಾಗ ತಂತಿ ಹಗುರಾಯಿತು. ಮೇಲೆ ಬಂದದ್ದು ಕೆಂಪು ಈರುಳ್ಳಿ ಚೀಲದ ಬಾಯಿ ಮಾತ್ರ.

ಅಪ್ಪನ ಕಲ್ಲು ಈಗ ದೇವಗಡದ ಬುಡದಲ್ಲಿದೆ, ಸರ್ಕಾರಿ ಮುದ್ರೆ ಸಮೇತ.

ಯಾರೂ ಮಾತಾಡಲಿಲ್ಲ. ಹನ್ನೊಂದಕ್ಕೆ ಬಂದರಿಗೆ ವಾಪಸು. ಮಧ್ಯಾಹ್ನ ಊಟಕ್ಕೆ ಬಾಂಗಡೆ ಹುಮ್ಮಣ, ಉಕ್ಕಡೆ ಅಕ್ಕಿ ಅನ್ನ, ಸೋಲ್ಕಡಿ. ಭಾವ ಮೂರು ಲೋಟ ಸೋಲ್ಕಡಿ ಕುಡಿದರು. ದುಃಖಕ್ಕೆ ಅಂದುಕೊಂಡೆ.

ರಾತ್ರಿ ಲಾಡ್ಜಿನಲ್ಲಿ ಲೈಟು ಆರಿಸಿದ ಮೇಲೆ ಕತ್ತಲಲ್ಲಿ ಅವರ ದನಿ. "ಕಚ್ಚಿದ್ದು ಬಲಗಡೆ ರಾಡಿಗೆ. ನಾವು ತಿರುಗಿದ್ದು ಎಡಕ್ಕೆ." ಹೌದು ಅಂದೆ, ನಿದ್ದೆಗಣ್ಣು. ಅವರು ಎದ್ದು ಕೂತರು. ದೋಣಿ ತಿರುಗುವಾಗ ಒಳಗಿನ ದಾರದ ತಗಡು ನಿಧಾನವಾಗುತ್ತದೆ, ಹೊರಗಿನದು ದೊಡ್ಡ ಸುತ್ತು ಹಾಕಬೇಕು, ಜೋರಾಗುತ್ತದೆ. ಸರೋವರದಲ್ಲಿ ಅದಕ್ಕೇ ಬೇಕೆಂದೇ ಹಾವಿನ ಹಾಗೆ ಓಡಿಸುತ್ತಾರೆ. ಯಾವ ಬದಿಗೆ ಕಚ್ಚಿತು ನೋಡಿದರೆ ಮೀನಿಗೆ ಇವತ್ತು ಯಾವ ವೇಗ ಬೇಕು ಗೊತ್ತಾಗುತ್ತದೆ. "ಹೊರಗಿನದಕ್ಕೇ ಕಚ್ಚಿದೆ. ಅಂದ್ರೆ ಜೋರು ಬೇಕು."

"ದಾದಾ ಬೆಳಿಗ್ಗೆಯೇ ಅದನ್ನ ಹೇಳಿದ್ರಲ್ಲ ಭಾವ."

"ಹೇಳಿದ್ರು. ಆದ್ರೆ ಲೆಕ್ಕ ಹೇಳಲಿಲ್ಲ."

ಮೂರನೇ ದಿನ: ಪೇಟೆ, ಆಮೇಲೆ ಕಾಳಿ

ದಾದಾಗೆ ಬೆಳಿಗ್ಗೆ ಬಲೆ ಕೆಲಸ. ನಮಗೆ ಬಿಡುವು. ಅಳಿಯನಿಗಾಗಿ ಕಡಲತೀರದ ಚಾಪೆಲ್ ಯುದ್ಧನೌಕೆ ನೋಡಿದೆವು. ಅವನಿಗೆ ಇಷ್ಟವಾಯಿತು, ನನಗೆ ಬಿಸಿಲು ಹೊಡೆಯಿತು. ಅದನ್ನು ಬಿಡಿ, ಮೀನು ಪೇಟೆಗೆ ಬನ್ನಿ.

ಕಾರವಾರದ ಮೀನು ಪೇಟೆಯಲ್ಲಿ ಭಾವ ಮಗು ಆಗಿಬಿಟ್ಟರು. ಶೆಟ್ಲಿ, ಕುರ್ಲಿ, ಲೆಪ್, ತಿಸ್ರೆ, ಹೆಸರು ಹೇಳಿಕೊಂಡು ಓಡಾಡಿದರು. ಮೀನು ಮಾರುವ ಬಾಯಿಯೊಬ್ಬಳು ಉದ್ದನೆಯ ಬೂದು ಬೆಳ್ಳಿ ಮೀನೊಂದನ್ನು ಎತ್ತಿ, ಮಗನ ಅಮೆರಿಕ ಇಂಗ್ಲಿಷ್ ಕೇಳಿಸಿಕೊಂಡವಳು, "ಸಾಲ್ಮನ್! ಸಾಲ್ಮನ್!" ಅಂದಳು. ಅಳಿಯನ ಬಾಯಿ ತೆರೆದೇ ಇತ್ತು.

ಅದು ರಾವಸ್. ಹೊಟೇಲುಗಳ ಪಟ್ಟಿಯಲ್ಲಿ ಇಂಡಿಯನ್ ಸಾಲ್ಮನ್ ಅಂತ ಬರೆದು ಮಾರುತ್ತಾರೆ. ಸಾಲ್ಮನ್‌ಗೂ ಅದಕ್ಕೂ ಹುಟ್ಟು ಸಂಬಂಧ ಇಲ್ಲ. ನಾನು ರೆಕ್ಕೆಯ ಕೆಳಗೆ ಬೆರಳು ಹಾಕಿ ತೋರಿಸಿದೆ. ಎದೆಯ ರೆಕ್ಕೆಯಿಂದ ಬೇರೆಯಾಗಿ ನಾಲ್ಕು ಎಳೆ, ಮೀಸೆಯ ಹಾಗೆ. ಕದಡಿದ ನೀರಲ್ಲಿ ಅದರಿಂದ ತಡವಿ ಬೇಟೆ ಹುಡುಕುತ್ತದೆ. ಕಣ್ಣ ಮೇಲೆ ಕೊಬ್ಬಿನ ತೆಳು ಪೊರೆ, ಮೂತಿ ಬಾಯಿಗಿಂತ ಮುಂದೆ. ಸಾಲ್ಮನ್‌ಗೆ ಬೆನ್ನಿನ ಕೊನೆಯಲ್ಲಿ, ಬಾಲಕ್ಕೆ ಮುಂಚೆ, ಮುಳ್ಳಿಲ್ಲದ ಒಂದು ಪುಟ್ಟ ಕೊಬ್ಬಿನ ರೆಕ್ಕೆ ಇರುತ್ತದೆ ಅಂತ ಭಾವ ಹೇಳಿದರು. ಇದಕ್ಕೆ ಅದಿಲ್ಲ. ಮಾಂಸ ಕಿತ್ತಳೆಯೂ ಅಲ್ಲ, ಬಿಳಿ. ರುಚಿಯಲ್ಲಿ ನನ್ನ ಮತ ರಾವಸ್‌ಗೆ. ಭಾವ ಇದನ್ನು ಒಪ್ಪಿಲ್ಲ.

"ತಕಳ್ರೋ, ಹೆಸ್ರು ನೋಡ್ತಾ ನಿಂತ್ರೆ ಐಸ್ ಕರಗ್ತದೆ" ಅಂದಳು ಆ ಬಾಯಿ. ತೆಗೆದುಕೊಳ್ಳಲಿಲ್ಲ. ಹಿಡಿಯಲು ಬಂದವರು ಕೊಂಡರೆ ಮರ್ಯಾದೆ ಏನು?

ನಾಲ್ಕು ಗಂಟೆಗೆ ದಾದಾ ಕೋಡಿಬಾಗದ ಕಡೆ ದೋಣಿ ತಂದರು. ಹೊರಗೆ ಗಾಳಿ ಎದ್ದಿತ್ತು, ಹಾಗಾಗಿ ಕಾಳಿ ಹೊಳೆಯ ಒಳಗೆ. ಡಿಗ್ಗಿ ಕಡೆ ಹುಟ್ಟಿ, ಸೂಪಾ, ಕದ್ರಾ ಅಣೆಕಟ್ಟುಗಳಲ್ಲಿ ನಿಂತು ನಿಂತು ಬರುವ ಹೊಳೆ ಇಲ್ಲಿ ಕಡಲಿಗೆ ಸೇರುತ್ತದೆ. ಭರತಿ ಏರುತ್ತಿತ್ತು, ನೀರು ಒಳಮುಖ. ಹೆದ್ದಾರಿ ಸೇತುವೆಯ ಕೆಳಗೆ ದಾದಾ ವೇಗ ಇಳಿಸಿದರು. ಪಕ್ಕದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು, ಲಾರಿಯೊಂದು ಹೊಳೆಗೆ ಬಿದ್ದ ಜಾಗ ಇದು. ಮೇಲೆ ಸದಾಶಿವಗಡದ ಗುಡ್ಡ ಏನೂ ಆಗಿಲ್ಲ ಎಂಬಂತೆ ನಿಂತಿತ್ತು.

ಕಾಂಡ್ಲಾ ಗಿಡಗಳ ಅಂಚಿಗೆ ಬಂದಾಗ ದಾದಾ ತಾವಾಗಿಯೇ ಬಾಲ್ದಿ ನೀರಿಗೆ ಬಿಟ್ಟರು! ಭಾವ ನನ್ನನ್ನು ನೋಡಿದರು, ನಾನು ಗುಡ್ಡ ನೋಡಿದೆ.

"ಇಲ್ಲಿ ಚೊಣಕ ಇರೋದು. ಅದು ಓಡಿ ಹಿಡಿಯೋದಲ್ಲ, ಅಡಗಿ ಕೂತು ಹಿಡಿಯೋದು. ನಿಮ್ಮ ಕೆರೆ ವೇಗ ಇಲ್ಲಿ ನಡೀತದೆ" ಅಂದರು ದಾದಾ.

ಹೊತ್ತು ಮುಳುಗಿ ಬೆಳಕು ತಿಳಿಯಾಗಿದ್ದಾಗ ಆ ಮಿಣುಕುವ ಹಸಿರು ತಗಡಿಗೇ ಬಿತ್ತು. ರಾಡ್ ಇದ್ದದ್ದು ಅಳಿಯನ ಕೈಯಲ್ಲಿ. ಮೀನು ಒಮ್ಮೆ ನೀರಿನಿಂದ ಪೂರ್ತಿ ಹಾರಿ ತಲೆ ಕೊಡವಿತು. ಬಕೆಟ್ಟಿನಷ್ಟು ಅಗಲ ಬಾಯಿ ಅಂದ ಹುಡುಗ, ಅಷ್ಟಿರಲಿಲ್ಲ. ಒಂದೂವರೆ ಕಿಲೋ ಇದ್ದೀತು. ಟಾರ್ಚ್ ಬಿಟ್ಟರೆ ಕಣ್ಣು ಕೆಂಡದ ಹಾಗೆ ಕೆಂಪಗೆ ಹೊಳೆಯಿತು. ಭಾವ ಸರೋವರದ ಅಭ್ಯಾಸದಲ್ಲಿ ಕಿವಿರಿಗೆ ಬೆರಳು ತೂರಿಸಿ ಎತ್ತಿದರು. ಚೊಣಕದ ಕಿವಿರಿನ ಮುಚ್ಚಳದ ಅಂಚು ಬ್ಲೇಡು. ಬೆರಳು ಸೀಳಿ ರಕ್ತ. ದಾದಾ ಬೀಡಿ ಕಟ್ಟಿನ ಕಾಗದ ಸುತ್ತಿ, ಮೇಲೆ ನೈಲಾನ್ ದಾರ ಕಟ್ಟಿದರು.

ಮರಳುವಾಗ ಭಾವ ಕಟ್ಟಿದ ಬೆರಳು ಎತ್ತಿ ಹಿಡಿದುಕೊಂಡೇ ಮಗನಿಗೆ ಹೇಳುತ್ತಿದ್ದರು. ಸಾಲ್ಮನ್ ಮೊಟ್ಟೆಯಿಡಲು ದೊಡ್ಡ ನೀರು ಬಿಟ್ಟು ಹೊಳೆ ಹತ್ತುತ್ತದೆ. ಚಿನೂಕ್ ಆದರೆ ಒಂದೇ ಸಲ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಚೊಣಕದ್ದು ತಿರುವುಮುರುವು. ಹೊಳೆಯಲ್ಲಿ ಬೆಳೆದು ಮೊಟ್ಟೆಗೆ ಉಪ್ಪುನೀರಿನ ಕಡೆ ಇಳಿಯುತ್ತದೆ. ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ರಾವಸ್ ಕೂಡ ಹಾಗೇ.

"ಹಾಗಾದ್ರೆ ನಾನು ಹಿಡಿದದ್ದು ಹುಡುಗನೇ?" ಅಂತ ಅಳಿಯ ಕೇಳಿದ. ಇನ್ನೂ ಸಣ್ಣದು, ಇರಬೇಕು ಅಂದೆವು. ಹಿಡಿದದ್ದಕ್ಕೆ ಅವನಿಗೆ ಸ್ವಲ್ಪ ಬೇಜಾರಾಯಿತು. ರಾತ್ರಿ ರವಾ ಫ್ರೈ ತಟ್ಟೆಗೆ ಬಂದಾಗ ಬೇಜಾರು ಹೋಯಿತು.

ನಾಲ್ಕನೇ ದಿನ: ದೇವಗಡದಿಂದ ತಕ್ಕಡಿಗೆ

ಕೊನೆಯ ಬೆಳಿಗ್ಗೆ. ಬಾಲ್ದಿ ದೋಣಿಯೊಳಗೆ, ರಾಟೆ ಡಿಕ್ಕಿಯೊಳಗೆ. ಭಾವ ಉಕ್ಕಿನ ತಂತಿ ಕಟ್ಟಿ, ತಟ್ಟೆಯಂಥ ಒಂದು ಪ್ಲಾಸ್ಟಿಕ್ ಬಿಲ್ಲೆ ಹೊರತೆಗೆದರು. ಗುಂಡಿಲ್ಲದೆಯೇ ದಾರವನ್ನು ಕೆಳಕ್ಕೂ ಪಕ್ಕಕ್ಕೂ ಒಯ್ಯುವ ಸಾಧನ. ನೀರು ಅದರ ಓರೆ ಮೈಗೆ ಬಡಿದು ತಳ್ಳುತ್ತದೆ, ಗಾಳಿಪಟ ತಿರುಗಿಸಿಟ್ಟ ಹಾಗೆ. ಮೀನು ಕಚ್ಚಿದರೆ ಚಪ್ಪಟೆ ಮಲಗುತ್ತದೆ. ಈ ವೇಗಕ್ಕೆ ತಡೆದೀತೋ ಇಲ್ಲವೋ ಅಂತ ಅವರಿಗೇ ಅನುಮಾನ. ದಾದಾ ತಮ್ಮ ಕೈಗಾಳವನ್ನೂ ಬಿಟ್ಟರು. ಬಿಳಿ ಗೋಣಿಚೀಲದ ಎಳೆ ಬಿಚ್ಚಿ ಗಾಳಕ್ಕೆ ಸುತ್ತಿದ್ದು. ಅಷ್ಟೇ ಅದರ ಅಲಂಕಾರ. ನೂರು ಮೀಟರ್ ದಾರ, ತುದಿ ಅವರ ತೋರುಬೆರಳಿನ ಮೇಲೆ.

ಹನ್ನೊಂದು ಕಿಲೋಮೀಟರ್ ವೇಗ. ದೋಣಿಯ ಹಿಂದೆ ಬಿಳಿ ನೊರೆ. ಭಾವನಿಗೆ ಇದು ಮೀನು ಹಿಡಿಯುವ ವೇಗ ಅನ್ನಿಸಲೇ ಇಲ್ಲ. ಸಾಲ್ಮನ್ ಇದನ್ನು ನೋಡಿದರೆ ನಗುತ್ತದೆ ಅಂದರು.

ಹಕ್ಕಿ ಕಂಡದ್ದು ಏಳೂಕಾಲಿಗೆ. ದೇವಗಡದಿಂದ ಆಚೆ ಕಡಲಹಕ್ಕಿಗಳ ಗುಂಪು ಮೇಲಿನಿಂದ ಕಲ್ಲು ಬಿದ್ದಂತೆ ಬೀಳುತ್ತಿತ್ತು. ಕೆಳಗೆ ನೀರು ಕುದಿಯುತ್ತಿತ್ತು. ತಾರ್ಲೆ ಬೆದರಿ ಮೇಲಕ್ಕೆ ಚಿಮ್ಮುತ್ತಿದ್ದವು. ದಾದಾ ಗುಂಪಿನ ನಡುವೆ ನುಗ್ಗಲಿಲ್ಲ. ಅಂಚಿನಲ್ಲಿ ಬಳಸಿ ಹೋದರು. ನಡುವೆ ಹೋದರೆ ಗುಂಪು ಒಡೆದು ಕೆಳಗಿಳಿಯುತ್ತದೆ, ದೊಡ್ಡದೂ ಹೋಗುತ್ತದೆ.

ಮೊದಲು ಎಳೆದದ್ದು ದಾದಾನ ಬೆರಳು. ಎರಡು ಕೈಯಲ್ಲಿ ಸರಸರ ಎಳೆದು ಒಂದು ನಿಮಿಷದಲ್ಲಿ ಎರಡು ಕಿಲೋದ ಇಸ್ವಾಣ ಒಳಗೆ. ಅವರಿಗೆ ಅದು ಕ್ರೀಡೆಯಲ್ಲ.

ಎರಡನೇ ಸುತ್ತಿನಲ್ಲಿ ಬಿಲ್ಲೆ ಕಟ್ಟಿದ ರಾಡ್. ಅದು ಬಗ್ಗಲಿಲ್ಲ, ಮಲಗಿಯೇ ಬಿಟ್ಟಿತು. ರೀಲಿನ ಕೂಗು ಏರುತ್ತಲೇ ಹೋಯಿತು. ಐವತ್ತು ಮೀಟರ್, ನೂರು, ಭಾವ ರಾಡ್ ಕೀಳಲು ಹೆಣಗುತ್ತಿದ್ದರು. ಗಾಯದ ಬೆರಳು ಬೇರೆ. ಸಾಲ್ಮನ್ ಆಳಕ್ಕೆ ಜಗ್ಗುತ್ತದೆ, ತಲೆ ಕೊಡವುತ್ತದೆ, ಸುಸ್ತಾಗಿ ಬರುತ್ತದೆ ಅಂತ ಹೇಳುತ್ತಿದ್ದ ಮನುಷ್ಯ ಈಗ "ಅಯ್ಯೋ ನಿಲ್ತಾನೇ ಇಲ್ಲ, ನಿಲ್ತಾನೇ ಇಲ್ಲ"  ಅನ್ನುತ್ತಿದ್ದರು. ದಾದಾ ಇಂಜಿನ್ ಇಳಿಸಿ ದೋಣಿಯನ್ನು ಅದರ ಹಿಂದೆ ತಿರುಗಿಸಿದರು. ಅದು ನಿಂತಿತು. ಸ್ವಲ್ಪ ಬಂತು. ದೋಣಿ ಕಂಡು ಮತ್ತೆ ಓಡಿತು. ಹೀಗೆ ಇಪ್ಪತ್ತು ನಿಮಿಷ.

ಹತ್ತಿರ ಬಂದಾಗ ನೀರೊಳಗೆ ಮೊದಲು ಕಂಡದ್ದು ಒಂದು ನೀಲಿ ಗೆರೆ. ದಾದಾ ಕೊಕ್ಕೆ ಹಾಕಿ ಎತ್ತಿ ಹಲಗೆಯ ಮೇಲೆ ಹಾಕಿದರು. ಬೆನ್ನು ಉಕ್ಕಿನ ನೀಲಿ, ಹೊಟ್ಟೆ ಕನ್ನಡಿ. ಪಕ್ಕಗಳಲ್ಲಿ ಅಂಕುಡೊಂಕು ಅಡ್ಡಪಟ್ಟೆ, ಯಾರೋ ಅವಸರದಲ್ಲಿ ಸ್ಲೇಟಿನ ಮೇಲೆ ಗೀಚಿದ ಹಾಗೆ. ಬಾಲದ ಬುಡ ನನ್ನ ಹೆಬ್ಬೆರಳಿನಷ್ಟು ತೆಳು, ಬಾಲ ಕುಡುಗೋಲು. ಬಾಯಿ ಒಮ್ಮೆ ತೆರೆದು ಮುಚ್ಚಿತು. ಹಲ್ಲುಗಳು ಮುಕ್ಕೋನ, ಒಂದರ ಪಕ್ಕ ಒಂದು, ಗರಗಸ. ಉಕ್ಕಿನ ತಂತಿಯ ಮೇಲೆ ಗೀರು ಬಿದ್ದಿತ್ತು. ಅಳಿಯ ಮುಟ್ಟಲು ಕೈ ಚಾಚಿದ. ದಾದಾ ತಣ್ಣಗೆ ಅವನ ಮಣಿಕಟ್ಟು ಹಿಡಿದು ಬೆನ್ನಿನ ಮೇಲೆ ಇಡಿಸಿದರು. ಅಷ್ಟು ಹೊತ್ತಿಗೇ ನೀಲಿ ಆರತೊಡಗಿತ್ತು. ನಾವು ನೋಡುತ್ತಿದ್ದಂತೆ ಬೂದಿಯಾಯಿತು.

"ಏಳು ಕಿಲೋ" ಅಂದರು ಭಾವ.

"ಐದೂವರೆ" ಅಂದರು ದಾದಾ.

ದಡಕ್ಕೆ ಬಂದು ಲೆಕ್ಕ ಮುಗಿಸುವಾಗ ದಾದಾ ಹಣ ಎಣಿಸಿಕೊಂಡು ಒಂದು ನೋಟು ವಾಪಸು ಕೊಟ್ಟರು. ಆಮೇಲೆ ಆ ಪ್ಲಾಸ್ಟಿಕ್ ಬಿಲ್ಲೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಭಾವ ಕೇಳುವ ಮೊದಲೇ ಕೊಟ್ಟರು. ಅದು ಸಿಹಿತಿಂಡಿ ಡಬ್ಬಿಗೆ ಹೋಯಿತು. ಬದಲಿಗೆ ಗೋಣಿ ಎಳೆ ಸುತ್ತಿದ ಎರಡು ಗಾಳ ನಮಗೆ. ಮಿಶಿಗನ್‌ನಲ್ಲಿ ಅದನ್ನು ಬಿಟ್ಟು ನೋಡುತ್ತೇನೆ ಅಂತ ಭಾವ ಮಾತು ಕೊಟ್ಟರು. ಅಲ್ಲಿ ಒಬ್ಬರು ಮೂರು ರಾಡ್ ಬಿಡಬಹುದಂತೆ, ಹಾಗಾಗಿ ಒಂದಕ್ಕೆ ಇದು.

ಮಧ್ಯಾಹ್ನ ಅಂಕೋಲೆ. ಥರ್ಮಾಕೋಲ್ ಪೆಟ್ಟಿಗೆಯಿಂದ ಮೀನು ಎತ್ತಿ ಅಂಗಡಿ ಕೋಣೆಗೆ ತಂದೆವು. ಅಮ್ಮ ಖುಷಿಯಲ್ಲಿ ತಕ್ಕಡಿಯ ಧೂಳು ಒರೆಸಿದಳು. ಮೀನು ಒಂದು ತಟ್ಟೆಯಲ್ಲಿ ಅಡ್ಡ ಮಲಗಿತು, ಬಾಲ ಹೊರಗೆ, ತಲೆ ಹೊರಗೆ. ತಟ್ಟೆ ನೆಲ ಮುಟ್ಟಿತು. ಇನ್ನೊಂದಕ್ಕೆ ಅವಳು ಎರಡು ಕಿಲೋ ಇಟ್ಟಳು, ಒಂದು ಕಿಲೋ ಇಟ್ಟಳು, ಅರ್ಧ, ಇನ್ನೂರು, ನೂರು. ಮೀನು ಅಲುಗಲಿಲ್ಲ. ಅವಳ ಕೈ ಅಭ್ಯಾಸದಂತೆ ಸಾಲಿನ ತುದಿಗೆ ಹೋಗಿ, ಸಿಮೆಂಟಿನ ಮೇಲೆ ಆರು ಮೂಲೆಯ ಕಪ್ಪು ಗುರುತು ಮುಟ್ಟಿ ನಿಂತಿತು.

"ಐದು ಕಿಲೋದ್ದೆಲ್ಲಿ?"

ಭಾವ ಕಟ್ಟಿದ ಬೆರಳು ನೋಡಿಕೊಂಡರು. ನಾನು ತೊಲೆ ನೋಡಿದೆ. ಅಳಿಯ ಒಬ್ಬನೇ ಪ್ರಾಮಾಣಿಕ.

"ಅಜ್ಜಿ, ಅದು ಲೇಕಲ್ಲಿ ಬಿದ್ದೋಯ್ತು. ಅಲ್ಲ, ಸಮುದ್ರದಲ್ಲಿ."

ಅಮ್ಮ ನನ್ನ ಮುಖ ನೋಡಿದಳು. ಮೊದಲ ದಿನ ನೋಡಿದ ಹಾಗೇ. ಆಮೇಲೆ ಕಲ್ಲುಗಳನ್ನು ಒಂದೊಂದಾಗಿ ಇಳಿಸಿ ಸಾಲಾಗಿ ಇಟ್ಟು, ಮೆಟ್ಟುಗತ್ತಿ ತರಲು ಒಳಗೆ ಹೋದಳು.